ಬಿಡದ ತೇಪೆ

ಡೊಲೊರೆಸ್ ಹುಡಾಕ್ ಹಚ್ಚಿದ ತೇಪೆ ಬಿಡುವುದಿಲ್ಲ ಎಂಬುದು ಕಾಲ್ಟನ್ ಫೆರಿಯಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಆ ಊರು ಒಮ್ಮತಕ್ಕೆ ಬಂದದ್ದು ಬಹುಶಃ ಅದೊಂದರಲ್ಲೇ. ಪಾದ್ರಿ ಒಳ್ಳೆಯವನೋ ಸೋಮಾರಿಯೋ, ಯೂನಿಯನ್ ಅಧ್ಯಕ್ಷ ಕಳ್ಳನೋ ಬರೀ ದಡ್ಡನೋ, ಈ ವರ್ಷ ಒಹಾಯೊ ನದಿ ಕೆಳಗಿನ ಬೀದಿಗೆ ನುಗ್ಗುತ್ತದೋ ಇಲ್ಲವೋ, ಇಂಥ ಯಾವ ವಿಷಯವೂ ಅಲ್ಲಿ ಜಗಳವಿಲ್ಲದೆ ಮುಗಿಯುತ್ತಿರಲಿಲ್ಲ. ಡೊಲೊರೆಸಳ ತೇಪೆಯ ಮಾತು ಬಂದರೆ ಮಾತ್ರ ಎಲ್ಲರೂ ತಲೆಯಾಡಿಸುತ್ತಿದ್ದರು. ಮೂವತ್ತೊಂದು ವರ್ಷಗಳಲ್ಲಿ ಊರಿನ ಅರ್ಧ ಗಂಡಸರ ಮೊಣಕಾಲು ಮೊಣಕೈಗಳು ಆಕೆಯ ಇಸ್ತ್ರಿ ಹಲಗೆಯ ಮೇಲೆ ಹಾದುಹೋಗಿದ್ದವು. ಬಟ್ಟೆ ಹರಿದು ಚಿಂದಿಯಾದರೂ ತೇಪೆ ಮಾತ್ರ ಗಟ್ಟಿಯಾಗಿ ಉಳಿದಿರುತ್ತಿತ್ತು.

ಯಾರಾದರೂ ಎದುರಿಗೇ ಹೊಗಳಿದರೆ ಆಕೆ "ಅಯ್ಯೋ, ಅದರಲ್ಲೇನಿದೆ" ಎಂದು ಕೈ ಕೊಡವುತ್ತಿದ್ದಳು. ಒಳಗೊಳಗೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು. ಆಕೆಗೆ ಇದ್ದ ಆಸ್ತಿಯೆಂದರೆ ಆ ಹೆಸರೊಂದೇ. ಅದನ್ನು ಆಕೆ ಎಷ್ಟು ಪ್ರೀತಿಸುತ್ತಿದ್ದಳು ಎಂಬುದು ಆಕೆಗೇ ಗೊತ್ತಿರಲಿಲ್ಲ. ಗೊತ್ತಾದದ್ದು ತೊಂಬತ್ತೊಂದರ ಮಾರ್ಚ್ ತಿಂಗಳಲ್ಲಿ. ಅಷ್ಟು ಹೊತ್ತಿಗೆ ತಡವಾಗಿತ್ತು.

ತೇಪೆ ಹಚ್ಚುವುದರಲ್ಲಿ ಆಕೆಗೆ ಆಕೆಯದೇ ಕ್ರಮ. ಪೊಟ್ಟಣದ ಹಿಂದೆ ಬರೆದಿದ್ದನ್ನು ಓದುವವಳಲ್ಲ. "ಬರೆದವನು ಒಂದು ದಿನಾನಾದ್ರೂ ಇಸ್ತ್ರಿ ಹಿಡಿದಿದ್ದಾನಾ?" ಎಂದು ಮೂಗು ಮುರಿಯುತ್ತಿದ್ದಳು. ಮೊದಲು ಬರಿ ಬಟ್ಟೆಯ ಮೇಲೆ ಇಸ್ತ್ರಿ ಆಡಿಸಿ ಅದರಲ್ಲಿದ್ದ ತೇವ ಓಡಿಸಬೇಕು. ಆಮೇಲೆ ತೇಪೆ ಇಟ್ಟು, ಅದರ ಮೇಲೆ ಗಂಡನ ಹಳೆಯ ಕರವಸ್ತ್ರ ಹಾಸಿ, ಕಾದ ಪೆಟ್ಟಿಗೆಯನ್ನು ಅಲುಗಿಸದೆ ಒತ್ತಿ ಹಿಡಿಯಬೇಕು. ಎಷ್ಟು ಹೊತ್ತು? ನಮೋ ಮರಿಯೆ ಜಪವನ್ನು ನಿಧಾನವಾಗಿ ಎರಡು ಸಲ ಹೇಳುವಷ್ಟು ಹೊತ್ತು. ಬಟ್ಟೆ ತಿರುವಿ ಹಾಕಿ ಒಳಗಿನಿಂದ ಇನ್ನೊಂದು ಸಲ. ಅಲ್ಲಿಂದ ಒಂದು ಲೋಟ ಕಾಫಿ ಕುಡಿದು ಮುಗಿಯುವವರೆಗೆ ಯಾರೂ ಮುಟ್ಟಕೂಡದು. ಬಿಸಿಯಿದ್ದಾಗ ಅಂಚು ಎತ್ತಿ ನೋಡಲು ಹೋದ ಗಂಡನ ಕೈಗೆ ಎಷ್ಟೋ ಸಲ ಪೆಟ್ಟು ಬಿದ್ದಿದೆ.

ಗಂಡ ಎಮಿಲ್ ಹುಡಾಕ್ ಲೋಹದ ಕಾರ್ಖಾನೆಯಲ್ಲಿ ಕುಲುಮೆಯ ಬಾಯಿ ತೆರೆಯುವವನು. ಆ ಕುಲುಮೆಯನ್ನು ಅಲ್ಲಿಯವರು ಮುದುಕಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಮುದುಕಿಯ ಬಾಯಿಗೆ ಕಟ್ಟಿದ ಮಣ್ಣಿನ ಬೆಣೆ ಒಡೆದರೆ ಕರಗಿದ ಲೋಹ ಕಾಲುವೆಗೆ ಇಳಿಯುತ್ತಿತ್ತು. ಒಡೆಯುವಾಗ ಎಲ್ಲರಿಗಿಂತ ಮುಂದೆ ನಿಲ್ಲುವವನು ಎಮಿಲ್. ಅವನ ತಂಡದ ಉಳಿದ ಏಳು ಜನ ಅವನ ಹಿಂದೆ. ಮೂರು ಗಂಟೆಯ ಪಾಳಿಗೆ ಎಲ್ಲರೂ ಮೂರಕ್ಕೆ ಹೋದರೆ ಇವನು ಎರಡೂವರೆಗೇ ಹೋಗಿ ಮುದುಕಿಯ ಮುಖ ನೋಡಿ ಬರಬೇಕು. ಅವಳ ಸಿಟ್ಟು ಸೆಡವು ಏನಿದ್ದರೂ ಮೊದಲು ತನಗೆ ತಿಳಿಯಬೇಕು ಎಂಬುದು ಅವನ ಹಟ.

ಆ ತಂಡದಲ್ಲಿ ಒಂಬತ್ತನೆಯವನೊಬ್ಬ ಇದ್ದ, ಗಸ್ ಪಾವ್ಲಿಕ್. ಹುಡಾಕ್ ಮನೆಯಿಂದ ಎರಡು ಮನೆ ಆಚೆಗಿದ್ದವನು, ಎಮಿಲನ ಜೊತೆ ಒಂದೇ ವಾರ ಕೆಲಸಕ್ಕೆ ಸೇರಿದವನು. ಜನವರಿಯಲ್ಲಿ ಮನೆಯ ಮುಂದಿನ ಹಿಮ ಎತ್ತುತ್ತಿದ್ದಾಗ ಸಲಿಕೆ ಹಿಡಿದುಕೊಂಡೇ ಕುಸಿದ. ಹೆಂಡತಿ ಐರೀನ್ ಬಾಗಿಲು ತೆರೆದು ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಂಡದವನೊಬ್ಬ ತೀರಿಕೊಂಡರೆ ಉಳಿದವರು ಅವನ ಹಾಜರಿ ಸಂಖ್ಯೆಯನ್ನು ಎಡಗಡೆ ಎದೆಯ ಮೇಲೆ ಒಂದು ವರ್ಷ ಹೊರುವುದು ಅಲ್ಲಿಯ ರೂಢಿ. ವರ್ಷದ ಪೂಜೆಯ ದಿನ, ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂರುವ ಮೊದಲು, ಸತ್ತವನ ಹೆಂಡತಿ ಸಣ್ಣ ಕತ್ತರಿ ಹಿಡಿದು ಒಬ್ಬೊಬ್ಬರ ಎದೆಯಿಂದ ಆ ತೇಪೆ ಬಿಚ್ಚಿಕೊಳ್ಳುತ್ತಾಳೆ. ಅಲ್ಲಿಗೆ ದುಃಖದ ಅವಧಿ ಮುಗಿಯಿತು ಎಂದು ಲೆಕ್ಕ. ಅದಕ್ಕಾಗಿಯೇ ಆ ತೇಪೆಗಳನ್ನು ನಾಲ್ಕು ಮೂಲೆಯಲ್ಲಿ ನಾಲ್ಕು ಸಡಿಲ ಹೊಲಿಗೆ ಹಾಕಿ ನಿಲ್ಲಿಸುತ್ತಿದ್ದರು.

ಈ ಸಲ ಡೊಲೊರೆಸ್ ಹೊಲಿಯಲಿಲ್ಲ. ಬೆರಳ ಗೆಣ್ಣುಗಳು ಊದಿಕೊಂಡು ಸೂಜಿ ಹಿಡಿಯುವುದೇ ಕಷ್ಟವಾಗಿತ್ತು. ಹಿಂದೊಮ್ಮೆ ಕಿಡಿ ಬಿದ್ದು ಹೊಲಿಗೆ ಸುಟ್ಟು, ಯಾರದೋ ಸಂಖ್ಯೆ ಕಳಚಿ ಕಸದ ಪಾಲಾಗಿದ್ದೂ ಆಕೆಗೆ ನೆನಪಿತ್ತು. ಹಾಗಾಗಿ ಅಂಟಿನ ಬೆನ್ನಿನ ತೇಪೆಗಳನ್ನೇ ಅಂಚೆಯಲ್ಲಿ ತರಿಸಿದಳು. ಅಂಗೈಯಷ್ಟು ದೊಡ್ಡ ನೀಲಿ ಮೊಟ್ಟೆಯಾಕಾರ, ನಡುವೆ ಹಳದಿ ದಾರದಲ್ಲಿ ೪೧೭, ಕೆಳಗೆ ಗಸ್. ಹನ್ನೆರಡಕ್ಕಿಂತ ಕಡಿಮೆ ಕಳಿಸುವುದಿಲ್ಲ ಎಂದಿದ್ದರಿಂದ ನಾಲ್ಕು ಮಿಕ್ಕವು.

ಎಂಟು ಜಾಕೆಟ್ಟುಗಳನ್ನೂ ಒಂದೇ ಶನಿವಾರ ಮುಗಿಸಿದಳು. ಐರೀನ್ ಅಡುಗೆಮನೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವಳು ಕೊನೆಗೆ ಕೇಳಿದಳು:

"ಅಲ್ವೇ ಡಾಲಿ, ಹಿಂಗೆ ಅಂಟಿಸಿಬಿಟ್ರೆ ಜನವರಿಗೆ ನಾನು ಬಿಚ್ಚೋದು ಹೆಂಗೆ?"

"ಅಂಚಿಗೆ ಸ್ವಲ್ಪ ಇಸ್ತ್ರಿ ತಾಗಿಸಿದ್ರೆ ಎದ್ದುಬರುತ್ತೆ ಬಿಡು. ನಾನೇ ಬಂದು ಮಾಡಿಕೊಡ್ತೀನಿ."

"ನೀನ್ ಹಚ್ಚಿದ್ದು ಏಳೋದುಂಟಾ?" ಎಂದು ಐರೀನ್ ನಕ್ಕಳು. ಗಂಡ ಸತ್ತ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಡೊಲೊರೆಸಳಿಗೆ ಆ ನಗು ಪದಕ ಸಿಕ್ಕಿದಷ್ಟು ಖುಷಿ ಕೊಟ್ಟಿತು.

ಆ ಜಾಕೆಟ್ಟುಗಳ ವಿಷಯ ಹೇಳಬೇಕು. ಹಿಂದೆಲ್ಲ ಕುಲುಮೆಯವರು ಮಣ ಭಾರದ ಉಣ್ಣೆಯ ಕೋಟು ತೊಡುತ್ತಿದ್ದರು. ಹೋದ ನವೆಂಬರಿನಲ್ಲಿ ಕಾರ್ಖಾನೆ ಹಗುರವಾದ ಹಸಿರು ಜಾಕೆಟ್ ಕೊಟ್ಟಿತ್ತು, ಒಬ್ಬೊಬ್ಬರಿಗೆ ಒಂದೊಂದು. ಕಿಡಿ ಬಿದ್ದರೆ ಬಿದ್ದಲ್ಲಿ ಕಪ್ಪಾಗಿ ಆರಿಹೋಗುತ್ತಿತ್ತು. ಗಂಡಸರಿಗೆಲ್ಲ ಬಲು ಇಷ್ಟ. ದೂರು ಒಂದೇ: ಕೊರಳ ಹಿಂದೆ ಹೊಲಿದ ದಪ್ಪ ಚೀಟಿ ಬೆವರಿಗೆ ಕತ್ತು ಕೆರೆಯುತ್ತಿತ್ತು. ಎಮಿಲನ ಕತ್ತು ಕೆಂಪಾದದ್ದು ನೋಡಿ ಡೊಲೊರೆಸ್ ಅವನ ಚೀಟಿಯನ್ನು ಕತ್ತರಿಸಿ ತೆಗೆದಳು. ಅದನ್ನು ಕಂಡ ಉಳಿದವರೂ "ಟೆಟಾ, ನಮ್ಮದೂ" ಎಂದು ಸಾಲಾಗಿ ಬಂದರು. ಊರಿನ ಕಿರಿಯರಿಗೆಲ್ಲ ಆಕೆ ಟೆಟಾ, ಎಂದರೆ ಅತ್ತೆ. ಆಕೆ ಯಾವುದನ್ನೂ ಎಸೆಯುವವಳಲ್ಲ. ಎಂಟು ಚೀಟಿಗಳನ್ನೂ ಗುಂಡಿಯ ಡಬ್ಬಿಗೆ ಹಾಕಿದಳು. ಅದರಲ್ಲಿ ಏನು ಬರೆದಿದೆ ಎಂದು ಮಾತ್ರ ನೋಡಲಿಲ್ಲ.

ನೋಡಿದ್ದು ತೇಪೆ ಹಚ್ಚಿ ಒಂಬತ್ತು ದಿನವಾದ ಮೇಲೆ, ಒಂದು ಸೋಮವಾರ. ಎಮಿಲ್ ಪಾಳಿಗೆ ಹೋಗಿದ್ದ. ಅವನ ಅಂಗಿಗೊಂದು ಗುಂಡಿ ಹುಡುಕುತ್ತ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಒಂದು ಚೀಟಿ ಮಗುಚಿ ಬಿತ್ತು. ಕನ್ನಡಕ ಮೂಗಿನ ಮೇಲೇ ಇತ್ತು. ಓದಿಬಿಟ್ಟಳು. ಒಗೆಯುವ ನೀರು ಎಷ್ಟು ಬಿಸಿ ಇರಬೇಕು, ಬಿಳುಪಿನ ಪುಡಿ ಹಾಕಬಾರದು, ಇತ್ಯಾದಿ. ಕೊನೆಯ ಸಾಲು ಉಳಿದವುಗಳಿಗಿಂತ ದಪ್ಪ ಅಕ್ಷರದಲ್ಲಿತ್ತು: ಈ ಬಟ್ಟೆ ಬೆಂಕಿ ತಡೆಯುತ್ತದೆ, ಇದರ ಮೇಲೆ ಅಂಟಿನ ತೇಪೆ ಹಚ್ಚಬೇಡಿ.

ಚೀಟಿಯನ್ನು ಮಗುಚಿಟ್ಟಳು. ಮತ್ತೆ ತೆಗೆದು ಓದಿದಳು. ಸಾಲು ಬದಲಾಗಿರಲಿಲ್ಲ.

ಬಟ್ಟೆಯ ಜಾತಿ ತಿಳಿಯಬೇಕಾದರೆ ದಾರ ಸುಟ್ಟು ನೋಡು ಎಂದು ಆಕೆಯ ತಾಯಿ ಕಲಿಸಿದ್ದಳು. ಹತ್ತಿಯಾದರೆ ಬೂದಿ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅದೇ ಡಬ್ಬಿಯಲ್ಲಿ ಎಮಿಲನ ತೋಳು ಗಿಡ್ಡ ಮಾಡಿದಾಗ ಉಳಿದ ಹಸಿರು ತುಂಡಿತ್ತು. ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದಳು. ಹಸಿರು ತುಂಡು ಕಪ್ಪಾಯಿತು, ಕಡ್ಡಿ ದೂರ ಸರಿಸಿದ ಕೂಡಲೇ ಆರಿತು. ಆಮೇಲೆ ಮಿಕ್ಕಿದ್ದ ನಾಲ್ಕು ತೇಪೆಗಳಲ್ಲಿ ಒಂದನ್ನು ಹಿಡಿದಳು.

ಅದು ಮೊದಲು ಮುದುಡಿತು, ಆಮೇಲೆ ಭುಗ್ಗನೆ ಹತ್ತಿಕೊಂಡಿತು. ಕಡ್ಡಿ ತೆಗೆದರೂ ಉರಿಯುತ್ತಲೇ ಇತ್ತು. ತುಪ್ಪದಂತೆ ಕರಗಿತು, ಉರಿಯುವ ಹನಿಗಳು ತೊಟ್ಟಿಗೆ ಒಂದೊಂದೇ ಬಿದ್ದವು. ಬಿದ್ದ ಮೇಲೂ ಉರಿದವು. ತಣ್ಣಗಾದ ಮೇಲೆ ಆಕೆ ಉಗುರಿನಿಂದ ಕೆರೆದಳು, ಚಾಕುವಿನಿಂದ ಕೆರೆದಳು. ಒಂದು ಹನಿಯೂ ಬಿಡಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ಕಾರ್ಖಾನೆಯ ಮೂರು ಹೊಗೆಗೊಳವೆಗಳು ಕಾಣುತ್ತಿದ್ದವು. ಮಧ್ಯದ ಕೊಳವೆಯ ಕೆಳಗೆ ಆ ಹೊತ್ತಿನಲ್ಲಿ ಎಂಟು ಜನ, ಎದೆಯ ಮೇಲೆ ಆಕೆಯ ಕೈಕೆಲಸ ಹೊತ್ತು ನಿಂತಿದ್ದರು.

ಅವತ್ತೇ ಹೇಳಬೇಕಿತ್ತು. ಅವತ್ತೇ ಫೋನೆತ್ತಿ ಕಾರ್ಖಾನೆಗೆ ಮಾಡಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಫೋನಿನ ಬಳಿ ಹೋದಳು ಕೂಡ. ಆದರೆ ಏನೆಂದು ಹೇಳುವುದು? ಮೂವತ್ತೊಂದು ವರ್ಷ ಇಸ್ತ್ರಿ ಹಿಡಿದವಳು ಒಂದು ಚೀಟಿ ಓದಲಿಲ್ಲ ಎಂದೇ? ಅದನ್ನು ಕತ್ತರಿಸಿ ಡಬ್ಬಿಗೆ ಹಾಕಿದವಳೂ ತಾನೇ ಎಂದೇ? ಊರಿನ ಹೆಂಗಸರು ವಾರಗಟ್ಟಲೆ ಆಡಿಕೊಳ್ಳುವುದು ಆಕೆಯ ಕಿವಿಗೆ ಈಗಲೇ ಕೇಳಿಸಿತು. ಒಂಬತ್ತು ದಿನ ಏನೂ ಆಗಿಲ್ಲವಲ್ಲ, ಇನ್ನೊಂದು ದಿನದಲ್ಲಿ ಏನಾದೀತು ಎಂದುಕೊಂಡಳು. ತೊಟ್ಟಿಯ ಕಲೆಗಳ ಮೇಲೆ ಪಾತ್ರೆ ಕವುಚಿಟ್ಟಳು.

ಮಂಗಳವಾರ ಬೆಳಿಗ್ಗೆ ಎಮಿಲ್ ಇನ್ನೂ ಮಲಗಿದ್ದಾಗ ಹಿತ್ತಿಲ ಬಾಗಿಲ ಮೊಳೆಯಿಂದ ಅವನ ಜಾಕೆಟ್ ತೆಗೆದು ಹಲಗೆಯ ಮೇಲೆ ಹಾಸಿದಳು. ಗುಟ್ಟಾಗಿ ಒಂದನ್ನು ಕಿತ್ತು ನೋಡೋಣ, ಸಲೀಸಾಗಿ ಬಂದರೆ ಉಳಿದ ಏಳಕ್ಕೂ ಏನಾದರೊಂದು ನೆಪ ಹುಡುಕೋಣ ಎಂಬ ಯೋಚನೆ. ಅಂಚಿಗೆ ಇಸ್ತ್ರಿ ಒತ್ತಿ ಉಗುರು ತೂರಿಸಿದಳು. ಕೂದಲೆಳೆಯಷ್ಟು ಎದ್ದಿತು, ನಿಂತಿತು. ಮತ್ತೆ ಒತ್ತಿದಳು. ಬೆರಳಿಗೆ ಬೊಬ್ಬೆ ಬಂತು. ತೇಪೆ ಅಲುಗಲಿಲ್ಲ. ತನ್ನ ಕೆಲಸದ ಗಟ್ಟಿತನವನ್ನು ಆಕೆ ಶಪಿಸಿದ್ದು ಅದೇ ಮೊದಲು. ಒಳಗಿನಿಂದ ಎಮಿಲ್ ಕೆಮ್ಮಿದ್ದು ಕೇಳಿ ಜಾಕೆಟ್ಟನ್ನು ಮೊಳೆಗೆ ಸಿಕ್ಕಿಸಿ ಕಾಫಿಗೆ ನೀರಿಟ್ಟಳು.

ಬುಧವಾರ ಮಧ್ಯಾಹ್ನ ಅವನು ಎಲೆಕೋಸು ಹಾಕಿದ ಹಲುಶ್ಕಿಯನ್ನು ಎರಡು ತಟ್ಟೆ ತಿಂದು ಬೂಟಿನ ದಾರ ಕಟ್ಟುತ್ತ ಹೇಳಿದ:

"ಮುದುಕಿ ಈ ವಾರ ಸಿಟ್ಟಲ್ಲಿದ್ದಾಳೆ ಕಣೇ. ಹಿಮ ಕರಗಿ ಅದಿರೆಲ್ಲ ಒದ್ದೆ. ನಿನ್ನೆ ಎರಡು ಸಲ ಉಗಿದ್ಲು. ಲೆನ್ ಅಂತೂ ಬೆಂಚಿನ ಕೆಳಗೆ ನುಗ್ಗಿದ, ಆ ಹೊಟ್ಟೆ ಇಟ್ಕೊಂಡು." ಎಂದು ಗಹಗಹಿಸಿದ. ಲೆನ್ ಟಕಾಚ್ ಆ ತಂಡದ ಮೇಸ್ತ್ರಿ.

ಒದ್ದೆ ಅದಿರು ಬಿದ್ದರೆ ನೀರು ಒಮ್ಮೆಲೇ ಆವಿಯಾಗಿ ಸಿಡಿದು, ಕುಲುಮೆ ಕರಗಿದ ಲೋಹವನ್ನು ಹೊರಗೆ ಎರಚುತ್ತದೆ ಎಂಬುದನ್ನು ಕುಲುಮೆಯವನ ಹೆಂಡತಿಗೆ ಹೇಳಿಕೊಡಬೇಕಿಲ್ಲ. ಅವನು ಜಾಕೆಟ್ ತೊಟ್ಟು ಬಾಗಿಲ ಬಳಿ ನಿಂತಾಗ ಆಕೆ ಅಡ್ಡ ಹೋಗಿ ನಿಂತಳು.

"ಎಮಿಲ್, ಅದನ್ನ ಬಿಚ್ಚಿಕೊಡು."

"ಯಾವುದನ್ನ?"

"ಜಾಕೆಟ್ಟು. ಇವತ್ತು ಹಳೇ ಕೋಟು ಹಾಕ್ಕೊಂಡು ಹೋಗು."

"ಯಾಕೇ?"

ಅದೇ ಗಳಿಗೆ. ಹೇಳಲು ಬೇಕಾಗಿದ್ದುದು ನಾಲ್ಕೇ ಮಾತು. ಅವನು ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಗಂಡ, ಹೊಡೆಯುವವನೂ ಅಲ್ಲ ಬಯ್ಯುವವನೂ ಅಲ್ಲ. ಆದರೆ ಇವತ್ತು ಸಂಜೆ ಅವನು ಅದನ್ನು ಬೆಂಚಿನ ಮೇಲೆ ಕೂತು ಏಳು ಜನಕ್ಕೆ ಹೇಳುತ್ತಾನೆ ಎಂಬುದಷ್ಟೇ ಆಕೆಯ ತಲೆಗೆ ಬಂತು.

"ತೇಪೆ ಸೊಟ್ಟಗಿದೆ. ನೋಡೋಕಾಗ್ತಿಲ್ಲ ನಂಗೆ. ಸರಿಮಾಡಿ ಕೊಡ್ತೀನಿ."

ಎಮಿಲ್ ಗಲ್ಲ ಎದೆಗೆ ಒತ್ತಿ ತೇಪೆಯನ್ನು ನೋಡಿಕೊಂಡ. "ಸೊಟ್ಟಗೇ ಇರ್ಲಿ ಬಿಡೇ. ಗಸ್ ನೆಟ್ಟಗೆ ನಡೆದಿದ್ದು ಯಾವತ್ತು ನೋಡಿದ್ದೆ ನೀನು? ಶುಕ್ರವಾರ ಸಂಬಳದ ದಿನ ಅಂತೂ ಬೀದಿ ಪೂರ್ತಿ ಅವನದೇ ಆಗಿರ್ತಿತ್ತು." ತೇಪೆಯನ್ನು ಎರಡು ಸಲ ಮೆಲ್ಲಗೆ ತಟ್ಟಿ, ಆಕೆಯನ್ನು ಪಕ್ಕಕ್ಕೆ ಸರಿಸಿ, ಶಿಳ್ಳೆ ಹಾಕುತ್ತ ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೆ ಡೊಲೊರೆಸ್ ನಿಂತಲ್ಲೇ ನಿಂತಿದ್ದಳು. ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ತೊಟ್ಟಿಯಲ್ಲಿ ಕವುಚಿದ ಪಾತ್ರೆ ಎತ್ತಿ ನೋಡಿದಳು. ಹನಿಗಳು ಹಾಗೇ ಕೂತಿದ್ದವು. ಆಗ ಆಕೆಗೆ ಹೆಸರು ಬೇಡವಾಯಿತು, ಮರ್ಯಾದೆ ಬೇಡವಾಯಿತು. ಮಿಕ್ಕ ತೇಪೆಗಳನ್ನೂ ಬೆಂಕಿಪೊಟ್ಟಣವನ್ನೂ ಮೇಲುಡುಪಿನ ಜೇಬಿಗೆ ತುರುಕಿಕೊಂಡು, ಮನೆಯ ಚಪ್ಪಲಿಯಲ್ಲೇ ಕೆಸರಿನಲ್ಲಿ ಓಡಿದಳು. ಓಡಿದ್ದು ಗಂಡನ ಹಿಂದೆ ಅಲ್ಲ, ಐರೀನಳ ಮನೆಗೆ. ಗಸ್‌ನ ಸಂಖ್ಯೆಯನ್ನು ಆ ಗಂಡಸರು ಯಾರ ಮಾತಿಗೂ ತೆಗೆಯುವವರಲ್ಲ, ಅವನ ಹೆಂಡತಿಯ ಮಾತಿಗೆ ಬಿಟ್ಟು.

ಐರೀನ್ ಕೇಳಿಸಿಕೊಳ್ಳುತ್ತ ಹೋದಂತೆ ಅವಳ ಮುಖ ಬಿಗಿಯಿತು.

"ಇನ್ನೂ ಎರಡು ತಿಂಗಳಾಗಿಲ್ಲ ಡಾಲಿ. ಆಗಲೇ ನನ್ನ ಗಂಡನ್ನ ಕಿತ್ತುಹಾಕ್ಬೇಕಾ ನಿಮಗೆಲ್ಲ?"

"ಐರೀನ್, ನಿನ್ನ ಕಾಲಿಗೆ ಬೀಳ್ತೀನಿ, ಇದನ್ನೊಂದು ನೋಡು." ಡೊಲೊರೆಸ್ ಅಲ್ಲೇ ಊಟದ ಮೇಜಿನ ಮೇಲೆ ತೇಪೆಗೆ ಕಡ್ಡಿ ಗೀರಿದಳು. ಉರಿಯುವ ಹನಿ ಮೇಜಿನ ಮೇಣದ ಹಾಸನ್ನು ತೂತು ಮಾಡಿ ಮರದಲ್ಲಿ ಇಳಿಯಿತು. ಹಳದಿ ದಾರದ ನಾಲ್ಕು, ಒಂದು, ಏಳು ಒಂದರ ಮೇಲೊಂದು ಕುಸಿದು ಕಪ್ಪಾದವು. ಐರೀನ್ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಎಮಿಲ್‌ಗೆ ಹೇಳಿದ್ಯಾ?"

"ಕೇಳ್ದೆ ಬಿಚ್ಚಿಕೊಡು ಅಂತ. ಕೊಡ್ಲಿಲ್ಲ," ಎಂದಳು ಡೊಲೊರೆಸ್. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಐರೀನ್ ಮೊಳೆಯಿಂದ ಕಾರಿನ ಬೀಗದಕೈ ಎಳೆದುಕೊಂಡಳು.

ಕಾರ್ಖಾನೆಯ ಬಾಗಿಲಿಗೆ ಬಂದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಲೆನ್ ಟಕಾಚ್ ಮತ್ತು ಉಳಿದ ಆರು ಜನ ಬೇಲಿಗೆ ಒರಗಿ ಕೊನೆಯ ಸಿಗರೇಟು ಸೇದುತ್ತಿದ್ದರು.

"ಏನ್ ಟೆಟಾ, ಎಮಿಲ್ ಊಟದ ಡಬ್ಬಿ ಮರೆತ್ನಾ, ಇಲ್ಲಾ ಹಲ್ಲಿನ ಸೆಟ್ಟಾ?" ಎಂದ ಲೆನ್. ಎಲ್ಲರೂ ನಕ್ಕರು. ಅವನ ಹಿಂದಿನಿಂದ ಒಬ್ಬ, "ಟೆಟಾ ಚಪ್ಪಲಿ ನೋಡ್ರೋ, ಮುದುಕಿ ಜೊತೆ ಡ್ಯಾನ್ಸಿಗೆ ಬಂದಿದ್ದಾರೆ," ಎಂದ.

ಐರೀನ್ ಕಾರಿನಿಂದ ಇಳಿದದ್ದು ಕಂಡು ನಗು ನಿಂತಿತು.

"ಬಿಚ್ಚಿ ಎಲ್ಲ," ಎಂದಳು ಐರೀನ್. "ಗಸ್‌ದು ಇವತ್ತಿಗೆ ಮುಗೀತು. ನಾನು ಹೇಳ್ತಾ ಇದೀನಿ. ಯಾಕೆ ಅಂತ ಆಮೇಲೆ ಕೇಳಿ."

ಗಂಡಸರು ಮುಖ ಮುಖ ನೋಡಿಕೊಂಡರು. ಡೊಲೊರೆಸ್ ಮುಂದೆ ಬಂದು, "ತಪ್ಪು ನಂದು ಲೆನ್. ಆ ತೇಪೆ ಹತ್ಕೊಂಡು ಉರಿಯುತ್ತೆ. ಕರಗಿ ಮೈಗೆ ಅಂಟುತ್ತೆ," ಎಂದಳು. ಎರಡು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು. ಹೇಳಿದ ಮೇಲೆ ಎಷ್ಟು ಸಣ್ಣದಾಗಿತ್ತು! ಯಾರೂ ನಗಲಿಲ್ಲ, ಯಾರೂ ಆಡಿಕೊಳ್ಳಲಿಲ್ಲ. ಲೆನ್ ಸಿಗರೇಟು ಎಸೆದು ಮೊದಲು ತನ್ನ ಜಾಕೆಟ್ ಬಿಚ್ಚಿದ. ಒಬ್ಬೊಬ್ಬರಾಗಿ ಬಿಚ್ಚಿ ಐರೀನಳ ತೋಳಿನ ಮೇಲೆ ಹಾಕಿದರು. ಏಳು ಜಾಕೆಟ್.

"ಎಮಿಲ್ ಒಳಗಿದ್ದಾನೆ. ಈಗಲೇ ಹೋಗಿ ಬಿಚ್ಚಿಸ್ತೀನಿ ಟೆಟಾ, ನೀವು ಹೆದರ್ಬೇಡಿ. ಉಗ್ರಾಣದಲ್ಲಿ ಹಳೇ ಉಣ್ಣೆ ಕೋಟುಗಳಿವೆ," ಎಂದು ಲೆನ್ ಬಾಗಿಲು ದಾಟಿ ಅಂಗಳದಲ್ಲಿ ದಾಪುಗಾಲು ಹಾಕಿದ. ಅಂಗಳ ಉದ್ದವಾಗಿತ್ತು. ಅವನ ಅಂಗಿಯ ಬಿಳಿ ಬೆನ್ನು ಅದಿರಿನ ಗುಡ್ಡೆಗಳ ನಡುವೆ ಚಿಕ್ಕದಾಗುತ್ತ ಹೋಗುವುದನ್ನು ಡೊಲೊರೆಸ್ ಬೇಲಿಯ ತಂತಿ ಹಿಡಿದು ನೋಡುತ್ತಿದ್ದಳು. ಗುಡ್ಡೆಗಳಿಂದ ನೀರು ಜಿನುಗುತ್ತಿತ್ತು.

ಅವನು ಅರ್ಧ ದಾರಿ ತಲುಪಿರಬೇಕು. ಮಧ್ಯದ ಕೊಳವೆಯ ಕೆಳಗಿನಿಂದ ಧಡ್ ಎಂಬ ಸದ್ದು ಬಂತು. ಕಾಲ ಕೆಳಗಿನ ನೆಲ ನಡುಗಿತು. ಕುಲುಮೆಯ ಮನೆಯ ಕಿಟಕಿಗಳೆಲ್ಲ ಒಮ್ಮೆಲೇ ಕಿತ್ತಳೆ ಬಣ್ಣಕ್ಕೆ ತಿರುಗಿ ಮತ್ತೆ ಕಪ್ಪಾದವು. ಲೆನ್ ನಿಂತ, ಆಮೇಲೆ ಓಡಿದ. ಸೈರನ್ ಉದ್ದಕ್ಕೆ ಕೂಗಿತು. ಎರಡನೆಯ ಸಲ ಕೂಗಿತು. ಡೊಲೊರೆಸ್ ತುಟಿ ಅಲುಗಿಸುತ್ತ ಅಷ್ಟಕ್ಕೇ ನಿಲ್ಲಲಿ ಎಂದು ಬೇಡಿಕೊಂಡಳು. ಮೂರನೆಯ ಸಲವೂ ಕೂಗಿತು. ಮೂರು ಸಲ ಎಂದರೆ ಒಳಗೆ ಯಾರೋ ಬಿದ್ದಿದ್ದಾರೆ.

ಬಿದ್ದವನು ಎಮಿಲ್. ಹಿಂದಿನ ಪಾಳಿಯವರ ಜೊತೆ ಮಾತಾಡುತ್ತ ಕುಲುಮೆಯ ಬಾಯಿಯ ಹತ್ತಿರ ನಿಂತಿದ್ದನಂತೆ. ಮುದುಕಿ ಉಗಿದಳು. ಉಳಿದವರು ದೂರವಿದ್ದರು, ಇವನು ತಿರುಗಿದ, ಎದುರಿಗೇ ಸಿಕ್ಕಿದ. ಜಾಕೆಟ್ಟಿನ ಮೇಲೆ ನೂರು ಕಡೆ ಕಿಡಿ ಬಿದ್ದಿತ್ತು, ನೂರು ಕಡೆಯೂ ಕಪ್ಪಾಗಿ ಆರಿತ್ತು. ಕತ್ತಿಗೆ, ಕೈಗೆ ಸಣ್ಣಪುಟ್ಟ ಸುಟ್ಟ ಗಾಯ. ಜಾಕೆಟ್ ಇಲ್ಲದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ ಎಂದು ದೊಡ್ಡಾಸ್ಪತ್ರೆಯ ವೈದ್ಯೆ ಹೇಳಿದಳು. ಆಮೇಲೆ ಕೇಳಿದಳು: "ಎಡಗಡೆ ಎದೆಯ ಮೇಲೆ ಏನಿತ್ತಮ್ಮ? ಅಂಗೈಯಷ್ಟಗಲ, ಮೊಟ್ಟೆಯಾಕಾರ. ಅದೊಂದೇ ಆಳಕ್ಕೆ ಹೋಗಿದೆ. ಎಷ್ಟು ಪ್ರಯತ್ನಪಟ್ರೂ ಬಿಡ್ತಾ ಇಲ್ಲ."

ಉತ್ತರ ಕೊಟ್ಟವಳು ಐರೀನ್.

ಏಳು ವಾರ ಅವನು ಅಲ್ಲಿದ್ದ. ತೊಡೆಯ ಚರ್ಮ ತೆಗೆದು ಎದೆಗೆ ಹಚ್ಚಿದರು. ಮೊದಲ ಸಲ ಹಿಡಿಯಲಿಲ್ಲ, ಎರಡನೆಯ ಸಲ ಹಿಡಿಯಿತು. ಮನೆಗೆ ಬಂದ ಮೇಲೆ ಅವನು ಮುದುಕಿಯ ಹತ್ತಿರ ಹೋಗಲಿಲ್ಲ. ಉಗ್ರಾಣದಲ್ಲಿ ಕೂರುವ ಕೆಲಸ ಕೊಟ್ಟರು. ಊರಿನಲ್ಲಿ ಡೊಲೊರೆಸಳ ಹೆಸರು ಕೆಡಲಿಲ್ಲ. ಇನ್ನೂ ಏರಿತು. ಚಪ್ಪಲಿಯಲ್ಲಿ ಓಡಿ ಏಳು ಜನರನ್ನು ಉಳಿಸಿದವಳು ಎಂದು ಚರ್ಚಿನಲ್ಲಿ, ಅಂಗಡಿಯಲ್ಲಿ ಹೆಂಗಸರು ಆಕೆಯ ಕೈ ಹಿಡಿದುಕೊಳ್ಳುತ್ತಿದ್ದರು. ಎಮಿಲನೇ ಆ ಕತೆ ಹರಡಿದವನು. "ನನ್ನ ಹೆಂಡ್ತಿ ಬಾಗಿಲಿಗೆ ಅಡ್ಡ ನಿಂತು ಬೇಡಿದ್ಲು. ನಾನು ಮೊಂಡ, ಕೊಡ್ಲಿಲ್ಲ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಹಾಗೆ ಹೇಳಿದಾಗಲೆಲ್ಲ ಆಕೆ ಏನಾದರೂ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುತ್ತಿದ್ದಳು. ಇಸ್ತ್ರಿ ಹಲಗೆಯನ್ನು ಅಟ್ಟಕ್ಕೆ ಹಾಕಿದ್ದಳು. ಎಮಿಲ್ ಸುಕ್ಕುಗಟ್ಟಿದ ಅಂಗಿ ತೊಟ್ಟು ಓಡಾಡುತ್ತಿದ್ದ, ಒಂದು ಮಾತೂ ಕೇಳಲಿಲ್ಲ. ಅವನ ಆ ಒಳ್ಳೆಯತನವೇ ಆಕೆಯನ್ನು ಹಗಲೂ ರಾತ್ರಿ ಇರಿಯುತ್ತಿತ್ತು.

ಜನವರಿ ಬಂತು. ಗಸ್‌ನ ವರ್ಷದ ಪೂಜೆ ಮುಗಿಸಿ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಇಳಿದರು. ಉದ್ದನೆಯ ಮೇಜಿನ ಮೇಲೆ ಸಾಸೇಜು, ಕೋಸು, ವಾಲ್ನಟ್ ತುಂಬಿದ ಸುರುಳಿ ರೊಟ್ಟಿ. ಬಿಚ್ಚಿಕೊಳ್ಳಲು ಯಾರ ಎದೆಯ ಮೇಲೂ ತೇಪೆ ಇರಲಿಲ್ಲ. ಏಳು ತೇಪೆಗಳನ್ನು ಬಟ್ಟೆ ಸಮೇತ ಕತ್ತರಿಸಿ ಐರೀನ್ ಅವತ್ತೇ ಡಬ್ಬಿಗೆ ಹಾಕಿದ್ದಳು. ಆದರೂ ರೂಢಿ ರೂಢಿಯೇ. ಐರೀನ್ ಸಣ್ಣ ಕತ್ತರಿ ಹಿಡಿದು ಎದ್ದಳು. ಲೆನ್ ಮುಂದೆ, ಉಳಿದ ಆರು ಜನರ ಮುಂದೆ ಒಂದೊಂದು ಗಳಿಗೆ ನಿಂತು ಗಾಳಿಯಲ್ಲಿ ಕತ್ತರಿ ಆಡಿಸಿದಳು. ಎಮಿಲನ ಮುಂದೆ ಬಂದಾಗ ಕತ್ತರಿಯನ್ನು ಮೇಜಿನ ಮೇಲಿಟ್ಟು, ಅವನ ಅಂಗಿಯ ಮೇಲೆ, ಎಡಗಡೆ ಎದೆಗೆ ತನ್ನ ಅಂಗೈ ಇಟ್ಟಳು.

"ಇದನ್ನ ಬಿಚ್ಚೋಕೆ ನನ್ನ ಕೈಲಾಗಲ್ಲ ಎಮಿಲ್."

ಇಡೀ ಕೋಣೆ ಮೂಗು ಒರೆಸಿಕೊಂಡಿತು. ಅಂಥದನ್ನು ಸಹಿಸುವವನಲ್ಲ ಎಮಿಲ್. "ಹೆಂಗಾಗುತ್ತೆ ಐರೀನ್? ನಮ್ಮ ಡಾಲಿ ಹಚ್ಚಿದ್ದು," ಎಂದ. ಅಳುತ್ತಿದ್ದವರೂ ನಕ್ಕರು. ಅವನಿಗೆ ಹುಮ್ಮಸ್ಸು ಬಂತು. "ಪಾಪ, ಅವಳದೇನು ತಪ್ಪು? ಅವತ್ತೇ ಹೇಳಿದ್ಲು, ಸೊಟ್ಟಗಿದೆ ಕೊಡು ಅಂತ. ಸೊಟ್ಟಗಿದ್ರೆ ಏನಂತೆ ಅಂತ ನಾನೇ..."

"ಸೊಟ್ಟಗಿರ್ಲಿಲ್ಲ."

ಡೊಲೊರೆಸ್ ಮೇಜಿನ ಆ ತುದಿಯಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದಳು. ದನಿ ಎತ್ತರಿಸಿರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ಏನಂದೆ?" ಎಂದ ಎಮಿಲ್, ಇನ್ನೂ ನಗುತ್ತಲೇ.

"ನೆಟ್ಟಗೇ ಇತ್ತು ಎಮಿಲ್. ಉರಿಯುತ್ತೆ ಅಂತ ನಂಗೆ ಸೋಮವಾರಾನೇ ಗೊತ್ತಿತ್ತು. ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಸೊಟ್ಟಗಿದೆ ಅಂದೆ."

ಎಮಿಲನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಉಳಿಯಿತು, ಆಮೇಲೆ ಹೋಯಿತು. ಅವನು ಹೆಂಡತಿಯನ್ನು ನೋಡಿದ, ಐರೀನಳನ್ನು ನೋಡಿದ. ಎದೆಯ ಮೇಲಿದ್ದ ಐರೀನಳ ಕೈಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟ. ಕೊರಳ ಹತ್ತಿರ ತೆರೆದಿದ್ದ ಅಂಗಿಯ ಗುಂಡಿಯನ್ನು ಹಾಕಿಕೊಂಡ. ಕುರ್ಚಿಯ ಬೆನ್ನಿಗಿದ್ದ ಕೋಟು ತೆಗೆದುಕೊಂಡು ಮೆಟ್ಟಿಲು ಹತ್ತಿದ. ಮೂವತ್ತೆರಡು ವರ್ಷದಲ್ಲಿ ಆ ಮೆಟ್ಟಿಲನ್ನು ಅವನು ಹೆಂಡತಿಗಾಗಿ ಕಾಯದೆ ಹತ್ತಿದ್ದು ಅವತ್ತೊಂದೇ ದಿನ.